ಎರಡು ಸಲ ಬಂದ ಆರಿದ್ರಾ ಮಳೆ

ಆರಿದ್ರಾ ಮಳೆ ಎರಡು ಸಲ ಬಂತು.

ಹೊರಗಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ. ಕೃಷಿ ಸಹಾಯಕನಾಗಿ ನಿವೃತ್ತನಾದ ಮೇಲೆ ಹರಪನಹಳ್ಳಿಯ ಮನೆಯಲ್ಲಿ ಕೂತು, ಮೊಬೈಲಿನ ವಿಡಿಯೊ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದೆ. ಅರವತ್ತಕ್ಕೆ ಅರಳು ಮರಳು ಎಂದು ನಗುತ್ತಿದ್ದ ಗೆಳೆಯರಿಗೆ, ನಿಮ್ಮ ತಲೆಗೆ ತುಕ್ಕು ಹಿಡಿದರೂ ನನ್ನದಕ್ಕೆ ಹಿಡಿಯುವುದಿಲ್ಲ ಎಂದು ಜಂಬ ಕೊಚ್ಚುತ್ತಿದ್ದೆ. ತಾರೀಖು ಕೊಟ್ಟರೆ ಅವತ್ತು ಯಾವ ಮಳೆ ನಕ್ಷತ್ರ, ಅದರ ಎಷ್ಟನೇ ಪಾದ ಎಂದು ಹೇಳುವ ಪ್ರೋಗ್ರಾಮ್ ಬರೆದಿದ್ದೆ. ನಾನು ಕೆಲಸ ಮಾಡಿದ್ದ ಇಟ್ಟಿಗಿ ಊರಿನ ರೈತರು ಬಿತ್ತನೆಗೆ ಮೊದಲು ಫೋನ್ ಮಾಡಿ ಕೇಳುತ್ತಿದ್ದರು.

ಹೋದ ವರ್ಷ ಮಳೆಗಳ ಪಟ್ಟಿಯನ್ನು ಹೊಸದಾಗಿ ಟೈಪ್ ಮಾಡಿ ಗಟ್ಟಿಯಾಗಿ ಓದುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಂಗಮ್ಮ ಕೈ ನಿಲ್ಲಿಸಿದಳು.

"ಅಲ್ರಿ, ಆರಿದ್ರಾ ಆದಮ್ಯಾಲೆ ಮತ್ತ ಆರಿದ್ರಾ ಅಂತೀರಲ್ಲ. ಪುನರ್ವಸು ಎಲ್ಲಿ ಹೋತು?"

"ನಿನಗೇನ್ ಗೊತ್ತು, ಇದು ಮಷಿನ್ ಲೆಕ್ಕ" ಎಂದು ಗದರಿದೆ. ಆಮೇಲೆ ನೋಡಿದೆ. ಅವಳೇ ಸರಿ. ನಮ್ಮ ಕಡೆ ಶಾಲೆಯ ಮುಖ ಕಾಣದವರಿಗೂ ಮಳೆಗಳ ಹೆಸರು ಬಾಯಿಪಾಠ. ಮೂವತ್ತು ವರ್ಷ ಹೊಲ ಸುತ್ತಿದ ನಾನು ತಪ್ಪಿದ್ದೆ. ಕಣ್ತಪ್ಪು ಅಂದುಕೊಂಡು ತಿದ್ದಿದೆ.

ವಾರದ ಮೇಲೆ, ಪಾದ ಲೆಕ್ಕ ಹಾಕುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಂಡು, ಬರೆದು ಮುಗಿಸಿದೆ. ಫೈಲಿನಲ್ಲಿ ನೋಡಿದರೆ ಅದೇ ಫಂಕ್ಷನ್ ಆಗಲೇ ಮೂರು ಸಲ ಇತ್ತು. ಮೂರೂ ನಾನೇ ಬರೆದದ್ದು. ಒಂದೂ ನೆನಪಿಲ್ಲ.

ನನಗೆ ಭಯವಾಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಮೆದುಳಿನ ಎಂ.ಆರ್.ಐ. ಮಾಡಿಸಿದರು. ಡಾಕ್ಟರು ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ತೊಂಬತ್ತಮೂರು ಅಂದೆ. ಎಂಬತ್ತಾರು ಅಂದೆ. ಆಮೇಲೆ ಎಷ್ಟು ಕಳೆಯಬೇಕಿತ್ತು ಎನ್ನುವುದೇ ಮರೆತುಹೋಯಿತು. ಗಂಗಮ್ಮ ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದಳು.

ಅಲ್ಝೈಮರ್ಸ್. ಅರ್ಲಿ ಸ್ಟೇಜ್.

"ದಿನಾ ಪ್ರೋಗ್ರಾಮ್ ಬರೀತೀನಲ್ರಿ ಡಾಕ್ಟ್ರೇ!" ಎಂದು ಜಗಳಕ್ಕೇ ನಿಂತೆ.

"ಬರೀರಿ, ಬಿಡಬೇಡಿ. ಆದ್ರೆ ಅದರಿಂದ ಕಾಯಿಲೆ ನಿಲ್ಲುತ್ತೆ ಅಂತ ನಾನು ಮಾತು ಕೊಡಲ್ಲ" ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಸಿಟ್ಟು ಕುದಿಯುತ್ತಿತ್ತು. ಡಾಕ್ಟರ ಮೇಲಲ್ಲ, ಜಂಬ ಕೊಚ್ಚಿದ ನನ್ನ ಮೇಲೆ.

ಇನ್ನು ನನ್ನನ್ನು ಕೇಳಬೇಡಿ ಎಂದು ಇಟ್ಟಿಗಿಯವರಿಗೆ ಹೇಳಿಬಿಟ್ಟೆ. ಹದ ತಪ್ಪಿ ಬೀಜ ಹಾಕಿಸಿದರೆ ಆ ಪಾಪ ಯಾರದು? ಆದರೆ ಬರೆಯುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿದ ಮೇಲೆ ಗಂಗಮ್ಮ ಪಕ್ಕದಲ್ಲಿ ಕೂರುತ್ತಾಳೆ. ಅವಳಿಗೆ ಇಂಗ್ಲಿಷ್ ಬಾರದು. ಒಂದೊಂದು ಸಾಲೂ ಏನು ಮಾಡುತ್ತದೆಂದು ಕನ್ನಡದಲ್ಲಿ ಹೇಳುತ್ತೇನೆ. ನಿನ್ನೆ ಹೇಳಿದ್ದಕ್ಕೂ ಇವತ್ತಿನದಕ್ಕೂ ತಾಳೆಯಾಗದಿದ್ದರೆ "ತಪ್ಪೈತ್ರಿ" ಎನ್ನುತ್ತಾಳೆ. ಮೊದಲು ಒಂದು ತಾಸಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ನಾಲ್ಕು ದಿನ ಬೇಕು. ಕೆಲವೊಮ್ಮೆ ರೇಗಿ ಅವಳನ್ನೇ ಬೈದಿದ್ದೇನೆ.

ಮೊನ್ನೆ ಅವಳನ್ನು ಕೇಳಿಕೊಂಡೆ. "ನಾ ಬರದಿದ್ದು ಏನು ಅಂತ ನನಗ ತಿಳೀಲಾರದ ದಿನ ಬರ್ತೈತಿ. ಅವತ್ತು ಮುಚ್ಚಿಡಬ್ಯಾಡ, ಹೇಳಿಬಿಡು."

ಗಂಗಮ್ಮ ಮಾತ್ರೆ ಡಬ್ಬಿಯ ಮುಚ್ಚಳ ಹಾಕಿದಳು.

"ಅವತ್ತು ಹೇಳಿದ್ರ ನಿಮಗ ತಿಳೀತೈತೇನ್ರಿ? ಅವತ್ತೂ ನಾ ಹಿಂಗ ಬಂದು ಕುಂದರ್ತೀನಿ. ನೀವು ಏನ್ ಹೇಳಿದ್ರೂ ಹೂಂ ಅಂತೀನಿ."

ಇವತ್ತು ಬೆಳಿಗ್ಗೆ ಅವಳು ಬರೀ ಹೂಂ ಅನ್ನದೆ ಎರಡು ಕಡೆ "ತಪ್ಪೈತ್ರಿ" ಅಂದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವಳ ಮುಂದೆಯೇ ಅತ್ತುಬಿಟ್ಟೆ.