ಹಿರಿಯರ ಸಾಲಿನಲ್ಲೊಂದು ಮೀನು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎಚ್ಚರಾಗುತ್ತಿದ್ದುದು ಒಲೆ. ಅವ್ವ ಅದನ್ನು ಊದುವ ಸಪ್ಪಳ ಕೇಳಿದ ಮೇಲೆಯೇ ನಾನು ಕೌದಿಯೊಳಗಿಂದ ಮುಖ ಹೊರಗೆ ಹಾಕುತ್ತಿದ್ದೆ. ಆ ದಿನವೂ ಹಾಗೇ ಶುರುವಾಯಿತು. ಅಪ್ಪ ಬೇವಿನ ಕಡ್ಡಿ ಕಚ್ಚುತ್ತ ಎಮ್ಮೆಗೆ ಹುಲ್ಲು ಹಾಕಿದ. ಅಕ್ಕ ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕಿದಳು. ನಾನು ಎಂದಿನಂತೆ ಹಂಡೆಯ ಹತ್ತಿರ ಕೂತು, ಉರಿಯ ಕಡೆ ಅಂಗೈ ಚಾಚಿ, ಬೆರಳ ಸಂದುಗಳು ಕೆಂಪಗೆ ಕಾಣುವುದನ್ನು ನೋಡುತ್ತಿದ್ದೆ. ಬೇರೆಯಾಗಿದ್ದುದು ಒಂದೇ, ವಾಸನೆ. ಕಡಲೆಬೇಳೆ ಬೆಂದು, ಬೆಲ್ಲ ಕರಗಿ, ಏಲಕ್ಕಿ ಬಿದ್ದ ಹೂರಣದ ಘಮ ಅಂಗಳದವರೆಗೂ ಬಂದಿತ್ತು.

ಅಂದು ಹಿರಿಯರ ಹಬ್ಬ. ದಸರಾಕ್ಕೆ ಮುಂಚಿನ ಅಮಾವಾಸ್ಯೆಗೆ ನಮ್ಮ ಕಡೆ ತೀರಿಹೋದ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಗೋಡೆಗೆ ಅಜ್ಜನ ಫೋಟೊ, ಮುತ್ತಜ್ಜನ ಫೋಟೊ. ಅವುಗಳ ಮುಂದೆ ಮಣೆಯ ಮೇಲೆ ಹೊಸ ಧೋತರ, ರುಮಾಲು, ಇಳಕಲ್ ಸೀರೆ. ಫೋಟೊ ಇಲ್ಲದ ಇನ್ನೂ ಹಿಂದಿನವರಿಗೆ ಬರೀ ಒಂದು ತಂಬಿಗೆ ನೀರು, ಒಂದು ಎಡೆ. ಅಪ್ಪನ ತಮ್ಮ, ನಮ್ಮ ಕಾಕಾ, ಕೊಪ್ಪಳದಲ್ಲಿ ಸರಕಾರಿ ನೌಕರಿಯಲ್ಲಿದ್ದ. ಪ್ರತಿ ವರ್ಷ ಈ ಹಬ್ಬಕ್ಕೆ ಊರಿಗೆ ಬಂದು ಅವನೇ ಕಾಯಿ ಒಡೆಯಬೇಕು. ನಮ್ಮೂರ ಹೆಸರು ಮರಳಿ. ಸುತ್ತ ಭತ್ತದ ಗದ್ದೆ, ಊರ ಪಕ್ಕದಲ್ಲೇ ಕಾಲುವೆ. ಸಮುದ್ರವನ್ನಂತೂ ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಹಿಂದಿನ ವಾರ ಅಕ್ಕ ಮತ್ತು ನಾನು ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾ ಕಾಯುತ್ತ ಕೂತಿದ್ದೆವು. ಅಕ್ಕ ಆಗ ಹತ್ತನೇ ತರಗತಿ. ಓದಿದ್ದನ್ನೆಲ್ಲ ನನಗೆ ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ. ಅವತ್ತು ನನ್ನ ತೋಳನ್ನು ಹಿಡಿದು ಒತ್ತಿದಳು.

"ಇಲ್ಲಿ ಮ್ಯಾಲ ಒಂದಾ ಎಲುಬು. ಮೊಣಕೈ ಕೆಳಗ ಎರಡು. ಮುಂದ ಸಣ್ಣ ಸಣ್ಣವು. ಭಾಳ ಹಿಂದ ಸಮುದ್ರದಾಗ ಒಂದು ನಮೂನಿ ಮೀನ ಇದ್ವು. ಅವುಕ್ಕೂ ರೆಕ್ಕ್ಯಾಗ ಹಿಂಗಾ ಎಲುಬು. ಆಗ ನೆಲದ ಮ್ಯಾಲ ಎಲುಬಿನ ಪ್ರಾಣಿ ಒಂದೂ ಇರಲಿಲ್ಲ. ಆ ಮೀನ ರೆಕ್ಕಿ ಊರಿ ಊರಿ ದಂಡಿಗೆ ಬಂದ್ವು. ಅವುರ ಪೈಕಿನಾ ನಾವು."

"ಅಂದ್ರ ಅದು ನಮ್ಮ ಅಜ್ಜನ ಅಜ್ಜ?"

"ಅಜ್ಜನ ಅಜ್ಜ, ಅವನ ಅಜ್ಜ ಅಂತ ಸಂಜಿತನಕ ಅಂದ್ರೂ ಮುಗಿಯಂಗಿಲ್ಲ, ಅಷ್ಟು ಹಿಂದಿಂದು."

ನಾನು ನನ್ನ ತೋಳನ್ನೇ ನೋಡಿಕೊಂಡೆ. ಅದರೊಳಗೆ ಯಾರೋ ಇದ್ದಾರೆ ಅನ್ನಿಸಿತು. "ಮತ್ತ ಅದಕ್ಕ ಎಡಿ ಯಾರು ಹಿಡೀತಾರ?" ಎಂದೆ.

ಅಕ್ಕ ಬಾಯಲ್ಲಿದ್ದ ಶೇಂಗಾ ಉದುರುವಂತೆ ನಕ್ಕಳು. "ನೀನಾ ಹಿಡಿಯವ್ವ!"

"ಅಪ್ಪ ಬೈದ್ರ?"

"ನಾ ಅದೀನಲ್ಲ. ನಾನಾ ಹೇಳಿಕೊಟ್ಟೀನಿ ಅಂತೀನಿ, ತಗೋ."

ಅಷ್ಟು ಸಾಕಾಗಿತ್ತು ನನಗೆ. ಶಾಲೆಯ ಬಿಳಿ ಹಾಳೆಯ ಮೇಲೆ ನೀಲಿ ಬಣ್ಣದ ಕಡ್ಡಿಯಿಂದ ಮೀನು ಬರೆದು, ದಂಡೆಗೆ ನಡೆದು ಬರಲೆಂದು ಕಾಲನ್ನೂ ಇಟ್ಟೆ. ಅದರ ಕಾಲು ನೋಡಿ ಅಕ್ಕ, "ಇವೇನ್ ಕೋಳಿ ಕಾಲೇನ?" ಎಂದು ಅಳಿಸಿ, ಮೋಟು ಮೋಟಾಗಿ ತಾನೇ ನಾಲ್ಕು ಕಾಲು ತಿದ್ದಿಕೊಟ್ಟಳು.

ಹಬ್ಬದ ದಿನ ಎಲ್ಲರೂ ಅಡುಗೆಮನೆಯಲ್ಲಿದ್ದಾಗ ಆ ಚಿತ್ರವನ್ನು ಮುತ್ತಜ್ಜನ ಫೋಟೊದ ಆಚೆ, ಸಾಲಿನ ಕೊನೆಗೆ ಒರಗಿಸಿಟ್ಟೆ. ಹಿರಿಯರೆಂದ ಮೇಲೆ ಹೊಸ ಬಟ್ಟೆ ಬೇಕಲ್ಲ? ನನ್ನ ಹೊಸ ಕರವಸ್ತ್ರ ಮಡಚಿ ಮುಂದಿಟ್ಟೆ. ಉಳಿದವರಿಗೆ ತಂಬಿಗೆಯಲ್ಲಿ ಕುಡಿಯುವ ನೀರಾದರೆ, ಇದಕ್ಕೆ ಅಗಲವಾದ ಬಟ್ಟಲ ತುಂಬ ನೀರು. ಊಟ ಮುಗಿಯುವಷ್ಟರಲ್ಲಿ ಪಾಪ, ಒಣಗಬಾರದು. ಒಂದು ತುಂಡು ಹೋಳಿಗೆಗೆ ತುಪ್ಪವನ್ನೂ ಸವರಿದ್ದೆ.

ಕಾಕಾ ಕಾಯಿ ಒಡೆದು, ಕರ್ಪೂರ ಹಚ್ಚಿ, ಆರತಿಯನ್ನು ಸಾಲಿನುದ್ದಕ್ಕೂ ಎತ್ತುತ್ತ ಹೋದ. ಕೊನೆಗೆ ಬಂದಾಗ ಅವನ ಕೈ ನಿಂತಿತು.

"ಇದ್ಯಾರಪ್ಪ? ನಮ್ಮ ಮುತ್ಯಾನ ಬಾಜೂ ಮೀನ ಯಾವಾಗ ಬಂದು ಕುಂತೈತಿ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾನ ದನಿ ಏರಿತು. "ತತ್ತಿ ಮುಟ್ಟದ ಮಂದಿ ನಾವು. ನಮ್ಮ ಮನಿ ಎಡ್ಯಾಗ ಮೀನ! ಯಾರ್ ಮಾಡಿದ್ದಿದು?"

ನಾನು ಹೆದರಲಿಲ್ಲ. ಅಕ್ಕ ಹೋಳಿಗೆಯ ಪರಾತ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳು ಮಾತು ಕೊಟ್ಟಿದ್ದಳು. ನಾನು ತೋಳು ಚಾಚಿ, "ಕಾಕಾ, ಹಿಚುಕಿ ನೋಡ್ರಿ, ಮ್ಯಾಲ ಒಂದಾ ಎಲುಬು, ಕೆಳಗ ಎರಡು. ಮೀನಿಗೂ ಹಿಂಗಾ ಇತ್ತು. ಅದು ಎಲ್ಲಾರಕಿಂತ ಹಿರೇದು. ಅಕ್ಕ ಹೇಳ್ಯಾಳ" ಎಂದೆ.

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಪರಾತದ ಅಂಚಿಗೆ ಅಂಟಿದ್ದ ಹೂರಣವನ್ನು ಹೆಬ್ಬೆರಳಿನಿಂದ ಒರೆಸಿದಳು.

"ನನಗೇನ್ ಗೊತ್ತು? ಎಲ್ಲೇರ ಕೇಳಿರಬೇಕು."

"ಕಾಲು ನೀನಾ ತಿದ್ದೀಯಲ್ಲ!"

"ನಾ ಯಾಕ ತಿದ್ದಲಿ? ಹಬ್ಬದ ದಿನ ಸುಳ್ಳ ಹೇಳಬ್ಯಾಡ."

ಆ ಮಾತನ್ನು ಅವಳು ಮೆತ್ತಗೆ, ದೊಡ್ಡವರ ಹಾಗೆ ಹೇಳಿದಳು. ಜೋರಾಗಿ ಹೇಳಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

"ಇಕಿನ್ನ ಕಾನ್ವೆಂಟಿಗೆ ಹಾಕಬ್ಯಾಡ ಅಂತ ನಾ ಮೊದಲಾ ಬಡ್ಕೊಂಡಿದ್ದೆ," ಎಂದು ಕಾಕಾ ಅಪ್ಪನಿಗೆ ಹೇಳಿದ. "ದಸರಾ ಸೂಟಿ ಮುಗೀತಂದ್ರ ಬಿಡಸು. ಊರ ಸಾಲಿಗೆ ಹೋಗಲಿ."

ನಾನು ದಿನಾ ಬಸ್ಸಿನಲ್ಲಿ ಗಂಗಾವತಿಯ ಆ ಕಾನ್ವೆಂಟಿಗೆ ಹೋಗಿ ಓದುತ್ತಿದ್ದೆ. ಅಲ್ಲಿ ಹಸಿರು ಕಿಟಕಿಗಳಿದ್ದವು, ಗಾಜಿನ ಬಾಗಿಲ ಕಪಾಟಿನ ತುಂಬ ಚಿತ್ರದ ಪುಸ್ತಕಗಳಿದ್ದವು. ಅರ್ಧದಷ್ಟನ್ನೂ ನಾನಿನ್ನೂ ನೋಡಿರಲಿಲ್ಲ. ಅಪ್ಪ ನನ್ನನ್ನು ನೋಡಿ, ನೆಲ ನೋಡಿ, "ಆತು" ಎಂದ.

ಆಗಲಾದರೂ ಅಕ್ಕ ಬಾಯಿ ಬಿಡುತ್ತಾಳೆಂದು ಕಾದೆ. ಕಾಕಾ ಹಾಳೆಯನ್ನು ಅವಳ ಕೈಗೇ ಕೊಟ್ಟು, "ಒಲಿಗೆ ಹಾಕು" ಎಂದ. ಅವಳು ಅದನ್ನು ಅಂದವಾಗಿ ನಾಲ್ಕು ಮಡಿಕೆ ಮಾಡಿ ಒಳಗೆ ಒಯ್ದಳು. ನಾನು ಹಿಂದೆಯೇ ಹೋದೆ. ಬೆಂಕಿ ಹತ್ತಿದಾಗ ಹಾಳೆ ತಾನಾಗಿ ಬಿಚ್ಚಿಕೊಂಡಿತು. ನೀಲಿ ಬಣ್ಣ ಮೊದಲು ಕಂದಾಗಿ, ಆಮೇಲೆ ಕಾಣದಾಯಿತು. ಅಕ್ಕ ನನ್ನ ಮುಖ ನೋಡಲಿಲ್ಲ.

ಊಟದಲ್ಲಿ ಕಾಕಾ, "ಬರೂ ವರ್ಷ ಕೊಪ್ಪಳಕ್ಕ ಬಾರವ್ವ. ನಮ್ಮ ಮನ್ಯಾಗಿದ್ದು ಸೈನ್ಸ್ ಓದು. ನಿನ್ನಂಥ ಶಾಣ್ಯಾ ಹುಡುಗಿಗೆ ಬ್ಯಾಡ ಅಂತೀನೇನು?" ಎಂದು ಅಕ್ಕನಿಗೆ ಹೇಳಿದ. ಅಕ್ಕ ಎಷ್ಟೋ ತಿಂಗಳಿಂದ ಆ ಒಂದು ಮಾತಿಗೆ ಕಾದಿದ್ದಳು. ಅದು ನನಗೂ ಗೊತ್ತಿತ್ತು, ಅವಳ ಪರವಾಗಿ ನಾನೂ ದೇವರಿಗೆ ಬೇಡಿಕೊಂಡಿದ್ದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ತುಪ್ಪ ಬೆಳ್ಳಗೆ ಹೆಪ್ಪುಗಟ್ಟುವವರೆಗೂ ನಾನದನ್ನು ಮುಟ್ಟಲಿಲ್ಲ.

ಮಕ್ಕಳೇ, ನಿಮಗೆ ಇದು ತಮಾಷೆ ಎನಿಸಬಹುದು. ಆ ಮೀನು ನೀರಿನಿಂದ ತೆವಳಿ ಬರುವುದನ್ನು ನೀವು ಫೋನಿನಲ್ಲಿ ನೋಡುತ್ತ ದೋಸೆ ತಿನ್ನುತ್ತೀರಿ. ನಿಮ್ಮ ಅಪ್ಪನೇ ಪಕ್ಕ ಕೂತು, "ನೋಡ್ರೋ, ನಿಮ್ಮ ಮುತ್ಯಾ ಬಂದ!" ಅನ್ನುತ್ತಾನೆ, ನೀವು ಬಿದ್ದು ಬಿದ್ದು ನಗುತ್ತೀರಿ. ನಮಗೆ ಸಮುದ್ರ ನೋಡಲು ಅಕ್ಕನ ಮಾತೊಂದೇ ದಾರಿ. ಆ ಮಾತು ತನ್ನದಲ್ಲ ಎಂದು ಅವಳೇ ಅಂದ ಮೇಲೆ ನನ್ನ ಹತ್ತಿರ ಏನೂ ಉಳಿಯಲಿಲ್ಲ. ಮೊನ್ನೆ ಗೆಳತಿ ಟೀಚರ್ ಮುಂದೆ ಮಾತು ತಿರುಗಿಸಿದಳೆಂದು ನಿಮ್ಮಲ್ಲೊಬ್ಬಳು ಸ್ಕೂಲ್ ಬ್ಯಾಗೂ ಇಳಿಸದೆ ಅತ್ತಳಲ್ಲ, ಆಗ ನಾನು ಬುದ್ಧಿ ಹೇಳದೆ ಸುಮ್ಮನೆ ಪಕ್ಕ ಕೂತಿದ್ದು ಅದಕ್ಕೇ.

ಅಂದು ಸಂಜೆ ಅಪ್ಪ ಮತ್ತು ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅಕ್ಕ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಪಕ್ಕದ ಮನೆಯ ದೊಡ್ಡವ್ವ ತಮ್ಮ ಮನೆಯ ಹೋಳಿಗೆ ಕೊಡಲು ಬಂದವಳು, ತಟ್ಟೆ ಕೆಳಗಿಟ್ಟು, ಸೊಂಟ ಹಿಡಿದು ನಿಂತು, ಅಪ್ಪನಿಗೆ ಹೇಳಿದಳು:

"ನಿಮ್ಮ ದೊಡ್ಡಾಕಿ ಭಾಳ ಛಲೋ ಹೇಳ್ತಾಳ್ರಿ ಅಣ್ಣಾರ. ಮೊನ್ನೆ ಕಾಲುವಿಗೆ ಬಟ್ಟಿ ಒಗ್ಯಾಕ ಹೋದಾಗ, ನಮ್ಮ ಹಿರ್ಯಾರೆಲ್ಲ ಮೊದಲ ಮೀನ ಇದ್ರು ಅಂತ ರಟ್ಟಿ ಹಿಡಿದು ಎಲುಬು ತೋರಿಸಿ ಹೇಳಿದ್ಲು. ನಕ್ಕು ನಕ್ಕು ಸಾಕಾತು. ಆದರೂ ಯಾಕ ಬೇಕ್ರಿ, ಇರಲಿ ಅಂತ ಇವತ್ತ ಒಂದ್ ಹೋಳಿಗಿ ಕಾಲುವಿಗೂ ಬಿಟ್ಟು ಬಂದೆ."