ಬಿಟ್ಟಲ್ಲಿಂದ ಹಿಡಿದು ಕಲಿಸಿದ ಬೇಗಂ ಅಕ್ಕೋರು

‘ಮಗುವಿಗೆ ತಕ್ಕ ಪಾಠ’ ಎಂಬ ಮಾತನ್ನು ಇಂದು ಆಡದವರಿಲ್ಲ. ತರಬೇತಿಗಳಲ್ಲಿ ಆ ಮಾತಿಗೆ ಚಪ್ಪಾಳೆ ಬೀಳುತ್ತದೆ, ಆಮೇಲೆ ಎಲ್ಲರೂ ಊಟಕ್ಕೆ ಏಳುತ್ತಾರೆ. ಆದರೆ ಅಂಥ ಮಾತೇ ನಮ್ಮ ಕಡೆ ಹುಟ್ಟಿರದ ಕಾಲದಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಹೆಂಚಿನ ಶಾಲೆಯಲ್ಲಿ, ಘಾಟಿಗೆ ಸೀನುತ್ತ ಸೀನುತ್ತಲೇ ಅದನ್ನು ಮಾಡಿ ತೋರಿಸಿದವರು ಶ್ರೀಮತಿ ಮಹಮೂದಾಬೇಗಂ. ಊರಿಗೆಲ್ಲ ಅವರು ಬೇಗಂ ಅಕ್ಕೋರು. ಅವರ ಪದವಿ, ಸನ್ಮಾನಗಳ ವಿವರ ಈ ಸಂಪುಟದ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ಇಲ್ಲಿ ಹೇಳಹೊರಟಿರುವುದು ಅವರು ಮಾಡಿದ ಒಂದು ತಪ್ಪನ್ನು, ಆ ತಪ್ಪು ಒಬ್ಬ ಹುಡುಗಿಯ ಶಾಲೆಯನ್ನೇ ಬಿಡಿಸುವ ಹಂತಕ್ಕೆ ಹೋದದ್ದನ್ನು, ಮತ್ತು ಅವರು ಅದನ್ನು ಗೆದ್ದ ಬಗೆಯನ್ನು. ಅಭಿನಂದನ ಗ್ರಂಥದಲ್ಲಿ ತಪ್ಪಿನ ಮಾತೇ ಎಂದು ಹುಬ್ಬೇರಿಸುವವರು ಹುಬ್ಬೇರಿಸಲಿ. ಅಕ್ಕೋರಿಗೆ ಇದರಿಂದ ಬೇಸರವಿಲ್ಲ.

೧೯೮೪ರಲ್ಲಿ ಹಾವೇರಿಯ ಶಾಲೆಯೊಂದರಿಂದ ವರ್ಗವಾಗಿ ಅವರು ಬ್ಯಾಡಗಿಗೆ ಬಂದಾಗ ಸುಗ್ಗಿ ಆಗಷ್ಟೇ ಶುರುವಾಗಿತ್ತು. ಪೇಟೆಗೆ ಕಾಯಿ ಬರತೊಡಗಿತೆಂದರೆ ಹೆಣ್ಣುಮಕ್ಕಳು ಶಾಲೆ ಬಿಟ್ಟು ತಾಯಂದಿರ ಬೆನ್ನು ಹತ್ತಿ ತೊಟ್ಟು ಮುರಿಯಲು ಹೋಗುವುದು, ರಾಶಿಗಳು ಕರಗಿದ ಮೇಲೆ ತಿರುಗಿ ಬರುವುದು, ಬಂದಾಗ ಪಾಠ ಎಷ್ಟೋ ಮುಂದೆ ಓಡಿರುವುದು, ಆ ಮಕ್ಕಳು ಗೋಡೆಗೊರಗಿ ಪಿಳಿಪಿಳಿ ನೋಡುತ್ತ ಕೂರುವುದು ಅಲ್ಲಿ ವರ್ಷವರ್ಷದ ಪದ್ಧತಿಯಾಗಿತ್ತು. ಅಕ್ಕೋರಿಗೆ ಇದು ಸಹಿಸಲಾಗಲಿಲ್ಲ. ಒಂದು ಉಪಾಯ ಮಾಡಿದರು. ಚೆನ್ನಾಗಿ ಬರುವವರು ಒಂದು ಸಾಲು, ಅಷ್ಟಕ್ಕಷ್ಟೇ ಎನ್ನುವವರು ಇನ್ನೊಂದು, ಹಿಂದುಳಿದವರು ಮೂರನೆಯದು ಎಂದು ತರಗತಿಯನ್ನು ವಿಂಗಡಿಸಿ, ಸಾಲಿಗೊಂದು ಪಾಠ ಹೇಳತೊಡಗಿದರು. ಒಳ್ಳೆಯ ಉಪಾಯವೇ, ಬೇರೆ ಊರಿನಲ್ಲಾಗಿದ್ದರೆ!

ಆದರೆ ಅದು ಬ್ಯಾಡಗಿ. ಅಲ್ಲಿಯ ಮಕ್ಕಳು ಹಾಲು ಕುಡಿಯುವಾಗಲೇ ಕಾಯಿ ಆರಿಸುವುದನ್ನು ಕಂಡವರು. ಮೂರು ಸಾಲು ಕಂಡದ್ದೇ ತಡ, ಮೊದಲನೆಯದು ‘ಡಬ್ಬಿ’, ಎರಡನೆಯದು ‘ಕಡ್ಡಿ’, ಮೂರನೆಯದು ‘ಬಿಳಿಗಾಯಿ’ ಎಂದು ನಾಮಕರಣ ಮುಗಿದೇಹೋಯಿತು. ಡಬ್ಬಿ, ಕಡ್ಡಿ ಪೇಟೆಯಲ್ಲಿ ಮರ್ಯಾದೆಯುಳ್ಳ ಕಾಯಿಗಳು. ಬಿಳಿಗಾಯಿ ಎಂದರೆ ಬಣ್ಣಗೆಟ್ಟು ಮೂಲೆಗೆ ಎಸೆದದ್ದು. ಮೂರನೆಯ ಸಾಲಿನಲ್ಲಿದ್ದ ಹೊಳಿಯವ್ವ ಎಂಬ ಹುಡುಗಿ ವಾರವೊಪ್ಪತ್ತು ಆ ಹೆಸರನ್ನು ಕೇಳಿಸಿಕೊಂಡು, ಒಂದು ದಿನ ಶಾಲೆಗೆ ಬರುವುದನ್ನೇ ಬಿಟ್ಟಳು.

ಅಕ್ಕೋರು ಅವಳನ್ನು ಹುಡುಕಿಕೊಂಡು ಪೇಟೆಗೆ ಹೋದರು. ಕೆಂಪು ರಾಶಿಗಳ ನಡುವೆ ಹೊಳಿಯವ್ವನ ತಾಯಿ ಮಂಗಳವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದಳು, ಪಕ್ಕದಲ್ಲೇ ಮಗಳು. ಮಂಗಳವ್ವ ಕೈ ನಿಲ್ಲಿಸದೆಯೇ ಕೇಳಿದಳು: “ಅಕ್ಕೋರ, ಆರಿಸೋದು ಇಲ್ಲಿ ನಮ್ಮ ಹೊಟ್ಟಿಪಾಡು. ನೀವು ಸಾಲ್ಯಾಗೂ ಆರಸ್ತೀರೇನ್ರಿ?”

ಉಪಾಧ್ಯಾಯರು ಇಂಥ ಕಡೆ ಸಾಮಾನ್ಯವಾಗಿ ಸಿಟ್ಟಾಗುತ್ತಾರೆ, ಇಲ್ಲವೇ ಉಪದೇಶ ಮಾಡುತ್ತಾರೆ. ಅಕ್ಕೋರು ಎರಡನ್ನೂ ಮಾಡಲಿಲ್ಲ. “ತಪ್ಪಾತವ್ವ. ಖರೇ ಹೇಳ್ತೇನಿ, ನಂದು ತಪ್ಪಾತು. ಇನ್ನ ಒಂದು ವರ್ಷ ಹುಡುಗಿನ್ನ ನನ್ನ ಕಡೆ ಬಿಡು,” ಎಂದರು.

ಮಂಗಳವ್ವ ತನ್ನ ಕರಾರು ಹೇಳಿದಳು. “ಬಿಡ್ತೇನಿ. ಆದ್ರ ಮುಂದಿನ ವರ್ಷ ಸಾಲಿ ನೋಡಾಕ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಾಗ ನಾನೂ ಬರ್ತೇನ್ರಿ. ಅವರು ಇಕಿ ದಡ್ಡಿ ಅಂದ್ರಂದ್ರ ಅವತ್ತ ಕರಕೊಂಡು ಹೋಗ್ತೇನಿ. ಆಮ್ಯಾಲೆ ನೀವು ಒಂದು ಮಾತೂ ಆಡಬಾರ್ದು.” ಅಕ್ಕೋರು ಒಪ್ಪಿಕೊಂಡರು. ಒಪ್ಪದೆ ಬೇರೆ ದಾರಿ ಎಲ್ಲಿತ್ತು?

ಮರುದಿನವೇ ಸಾಲುಗಳನ್ನು ಒಡೆದರು. ಊರವರ ಮನೆಗಳಿಂದ ಹಳೆಯ ಲಗ್ನಪತ್ರಿಕೆಗಳನ್ನು ಬೇಡಿ ತಂದು, ಅವುಗಳ ಖಾಲಿ ಬೆನ್ನಿನ ಮೇಲೆ ಒಂದೊಂದೇ ಚಿಕ್ಕ ಪಾಠ ಬರೆದು, ಕಿಟಕಿಯಿಂದ ಕಿಟಕಿಗೆ ಹುರಿ ಕಟ್ಟಿ ಕ್ರಮವಾಗಿ ನೇತುಹಾಕಿದರು. ಪ್ರತಿ ಮಗುವೂ ತನಗೆ ಬರುವ ಪಾಠದ ಚೀಟಿಯಿಂದ ಹೊರಡಬೇಕು. ತಿಳಿಯದಿದ್ದರೆ ಅದನ್ನು ಮುಗಿಸಿದವರನ್ನು ಕೇಳಬೇಕು. ಸಿದ್ಧವಾದಾಗ ತಾನಾಗಿಯೇ ಬಂದು ಒಪ್ಪಿಸಬೇಕು. ಸುಗ್ಗಿಗೆ ಹೋದವಳು ಬಂದು ಬಿಟ್ಟ ಚೀಟಿಯನ್ನೇ ಹಿಡಿಯಬಹುದು. ಲೆಕ್ಕದಲ್ಲಿ ಚುರುಕಾದವರು ಓದಿನಲ್ಲಿ ಹಿಂದಿರುವುದು, ಓದಿನವರು ಲೆಕ್ಕದಲ್ಲಿ ತಡವರಿಸುವುದು ಬಯಲಾದದ್ದೇ ಬಿಳಿಗಾಯಿ ಎಂಬ ಮಾತು ತಾನಾಗಿ ಬಿದ್ದುಹೋಯಿತು. ಮುಖ್ಯೋಪಾಧ್ಯಾಯರಾದ ಹಾಲೇಶಪ್ಪನವರಿಗೆ ಮಾತ್ರ ಸಾಹೇಬರದೇ ಚಿಂತೆ. “ಬೇಗಂ ಅವರ, ಇದು ಸಾಲಿನೋ ಸಂತಿನೋ? ಒಬ್ಬಾಂವ ಕೂಡಸ್ತಾನ, ಒಬ್ಬಾಂವ ಕಳೀತಾನ, ಸಾಹೇಬ್ರು ಬಂದ್ರ ನನ್ನ ಕಳದಬಿಡ್ತಾರ!” ಎಂದು ಗೊಣಗುತ್ತಲೇ, ಪುಣ್ಯಾತ್ಮರು, ತಮ್ಮ ಮನೆಯ ಲಗ್ನಪತ್ರಿಕೆಗಳನ್ನೂ ತಂದುಕೊಟ್ಟರು.

ಮರುವರ್ಷ ಸಾಹೇಬರು ಬಂದರು. ಮಂಗಳವ್ವನೂ ಬಂದು ಬಾಗಿಲಲ್ಲಿ ನಿಂತಳು. ಹುರಿಯ ಮೇಲಿನ ಗಣೇಶನ ಚಿತ್ರಗಳನ್ನು ಕಂಡು ಸಾಹೇಬರು, “ಏನ್ರಿ ಇದು, ಯಾರ ಲಗ್ನ?” ಎಂದು ಗದರಿ, ಐದನೆಯ ತರಗತಿಯವರಿಗೆಲ್ಲ ಒಂದೇ ಭಾಗಾಕಾರ ಹೇಳಿ, ಬೆರಳು ಮಾಡಿದ್ದು ನೇರ ಹೊಳಿಯವ್ವನ ಕಡೆಗೆ. ಅದು ಶೇಷ ಉಳಿಯುವ ಲೆಕ್ಕ. ಹುಡುಗಿ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಒಂದು ಸನ್ನೆ ಮಾಡಿದ್ದರೆ ಪಕ್ಕದವಳು ಉತ್ತರ ಪಿಸುಗುಡುತ್ತಿದ್ದಳು. ಅಕ್ಕೋರು ಸನ್ನೆ ಮಾಡಲಿಲ್ಲ.

ಹೊಳಿಯವ್ವ ಎದ್ದು ನಿಂತು ಹೇಳಿದಳು: “ಇದು ನನಗಿನ್ನೂ ಬರಂಗಿಲ್ರಿ ಸಾಹೇಬ್ರ. ಶೇಷ ಉಳೀಲಾರದ್ದು ಬರ್ತದ್ರಿ, ಆ ಚೀಟಿ ನಿನ್ನೆ ಮುಗಿಸೇನ್ರಿ. ಇವತ್ತು ನೀವು ಬರದಿದ್ರ ಇದನ್ನ ಸುರು ಮಾಡತಿದ್ದೆ.”

ಬಾಗಿಲಲ್ಲಿದ್ದ ಮಂಗಳವ್ವ ಮಗಳನ್ನು ಕರೆದೊಯ್ಯಲು ಒಂದು ಹೆಜ್ಜೆ ಒಳಗಿಟ್ಟಳು. ಸಾಹೇಬರು ಹುಡುಗಿಯನ್ನೇ ದಿಟ್ಟಿಸಿ, “ಹಂಗಾದ್ರ ನಾನ ನಿನ್ನ ಕೆಲಸ ಕೆಡಿಸಿದೆ ಅನ್ನು. ಸುರು ಮಾಡು, ನೋಡ್ತೇನಿ,” ಎಂದು ನೆಲದ ಮೇಲೆ ಕೂತೇಬಿಟ್ಟರು.

ಹೊಳಿಯವ್ವ ಚೀಟಿ ಬಿಚ್ಚಿ ತಂದಳು, ತುಟಿಯಲ್ಲೇ ಓದಿಕೊಂಡಳು. ಲೆಕ್ಕಕ್ಕೆಂದು ತರಗತಿಯಲ್ಲಿಟ್ಟಿದ್ದ ಹುಣಸೆಬೀಜಗಳಲ್ಲಿ ಹದಿನೇಳನ್ನು ಎಣಿಸಿ ಐದು ಕಡೆ ಹಂಚತೊಡಗಿದಳು. ಮೂರು ಸುತ್ತು ಸರಿಯಾಗಿ ಬಂತು. ನಾಲ್ಕನೆಯದಕ್ಕೆ ಕೈಯಲ್ಲಿ ಎರಡೇ ಬೀಜ. ಹಂಚಲು ಹೋದಳು, ಹಿಂದೆ ತೆಗೆದಳು, ಮತ್ತೆ ಚೀಟಿ ನೋಡಿದಳು. ತಟ್ಟನೆ ಮುಖವರಳಿ, “ಇವು ಯಾರಿಗೂ ಸಾಲಂಗಿಲ್ರಿ! ಇವಕ್ಕ ಶೇಷ ಅಂತಾರ, ಹೌದಿಲ್ರಿ ಸಾಹೇಬ್ರ?” ಎಂದು ಅವರ ಮುಂದೆಯೇ ಬೀಜ ಹಿಡಿದಳು.

ಸಾಹೇಬರು ಹೊಟ್ಟೆತುಂಬ ನಕ್ಕರು. “ಮಾಸ್ತರ, ಇಷ್ಟು ವರ್ಷ ಮಕ್ಕಳಿಗೆ ಬಂದದ್ದನ್ನ ನೋಡೇನಿ. ಕಲಿಯೋದನ್ನ ನೋಡಿದ್ದು ಇವತ್ತ. ಈ ಹುರಿ ಬಿಚ್ಚಬ್ಯಾಡ್ರಿ,” ಎಂದರು. ಬಾಗಿಲಲ್ಲಿದ್ದ ಮಂಗಳವ್ವ ಕಣ್ಣೊರೆಸಿಕೊಂಡು, “ಸಂಜೀಕ ಲಗೂ ಬಾ ಮಗಳ,” ಎಂದಷ್ಟೇ ಹೇಳಿ ಒಬ್ಬಳೇ ಪೇಟೆಗೆ ಮರಳಿದಳು. ಅಕ್ಕೋರು ಆ ದಿನ ಮಕ್ಕಳೆದುರಿಗೇ ಅತ್ತುಬಿಟ್ಟರು. ಘಾಟು ಎಂದರೂ ಯಾರೂ ನಂಬಲಿಲ್ಲ.

ಅಲ್ಲಿಂದ ಮುಂದಿನದು ಜೈತ್ರಯಾತ್ರೆಯೇ. ಹೊಳಿಯವ್ವ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ದಿನ ಮಂಗಳವ್ವ ಪೇಟೆಯ ಹಮಾಲರಿಗೆಲ್ಲ ಸಕ್ಕರೆ ಹಂಚಿದಳು. ಚೀಟಿಯ ಪದ್ಧತಿಯಲ್ಲಿ ಯಾವ ಮಗು ಎಲ್ಲಿ ಎಡವಿತು, ಏಕೆ ಎಡವಿತು ಎಂದು ವರ್ಷಗಟ್ಟಲೆ ಗಮನಿಸಿ ಅಕ್ಕೋರು ಸಿದ್ಧಪಡಿಸಿದ ಪ್ರಬಂಧವನ್ನು ೧೯೯೧ರಲ್ಲಿ ರಾಣೆಬೆನ್ನೂರಿನ ಶಿಕ್ಷಕರ ಸಮಾವೇಶ ಎದ್ದು ನಿಂತು ಗೌರವಿಸಿತು. ಅದರ ಮೊದಲ ಭಾಗವೇ ಮೂರು ಸಾಲುಗಳ ಸೋಲು. ಹಾವೇರಿಯ ತರಬೇತಿಗಳಲ್ಲಿ ಅವರ ಕೈಕೆಳಗೆ ಕಲಿತು ತಮ್ಮ ಶಾಲೆಗಳಲ್ಲಿ ಹುರಿ ಕಟ್ಟಿದ ಉಪಾಧ್ಯಾಯರು ಕದರಮಂಡಲಗಿಯಿಂದ ಹಿಡಿದು ಹೊಳೆಸಾಲಿನ ಊರುಗಳವರೆಗೆ ಇದ್ದಾರೆ.

ಕಳೆದ ಮೇ ತಿಂಗಳಲ್ಲಿ ಅಕ್ಕೋರು ನಿವೃತ್ತರಾದರು. ಇನ್ನು ವಿಶ್ರಾಂತಿ ಎಂದು ಮನೆಯವರು ನಂಬಿದರು, ಪಾಪ. ಈ ಸಲ ಪೇಟೆಗೆ ಕಾಯಿ ಬರತೊಡಗಿದ ವಾರವೇ, ತೊಟ್ಟು ಮುರಿಯುವ ಕೈಗಳಿಗೆ ಕೂಲಿ ಏರುವ ಹೊತ್ತಿನಲ್ಲೇ, ಮಂಗಳವ್ವ ಪೇಟೆಯ ಆರು ಹುಡುಗಿಯರನ್ನು ಮುಂದೆ ಮಾಡಿಕೊಂಡು ಅಕ್ಕೋರ ಮನೆಯ ಕಟ್ಟೆಗೆ ಬಂದು ನಿಂತಳು. “ಅಕ್ಕೋರ, ಇವರನ್ನ ನೋಡ್ಕೊಳ್ರಿ. ಕಾಯಿ ನಾವು ನೋಡ್ಕೊಂತೇವಿ.”

“ನಾ ರಿಟೈರ್ ಆಗೇನಲ್ಲವ್ವಾ,” ಎಂದರು ಅಕ್ಕೋರು.

“ರಿಟೈರ್ ಆದಾಕಿ ನೀವ್ರಿ. ಈ ಹುಡುಗ್ಯಾರಲ್ಲ.”

ಅಕ್ಕೋರು ಎದ್ದು ಹುರಿ ಹುಡುಕಲು ಒಳಗೆ ಹೋದರು. ಆ ಕಟ್ಟೆ ಇಂದಿಗೂ ತುಂಬಿದೆ. ಅದು ತುಂಬಿರುವಷ್ಟು ಕಾಲವೂ ಅವರಿಗೆ ಆಯುಸ್ಸು, ಆರೋಗ್ಯ ತುಂಬಿರಲಿ ಎಂದು ಬ್ಯಾಡಗಿಯ ತಾಯಂದಿರೆಲ್ಲರ ಪರವಾಗಿ ಕೈಮುಗಿದು ಕೋರುತ್ತೇವೆ.