ಮುಖಪುಟದ ರಾಕೆಟ್

ಸೌದಿಯ ಖೋಬರಿನ ನಮ್ಮ ಮನೆಯಲ್ಲಿ ಶುಕ್ರವಾರ ಬೇರೆ ಗ್ರಹಗಳ ಕತೆಯ ಹುಚ್ಚಿನವರು ಸೇರುತ್ತಾರೆ. ಕೂಟ ಕಟ್ಟಿದ್ದು ಸೊಸೆ. ನಾಲ್ಕನೇ ಕ್ಲಾಸು ಓದಿದ ನಾನೂ ಕತೆ ಕೇಳುತ್ತೇನೆ, ಅವರ ಜೆರಾಕ್ಸ್ ಪತ್ರಿಕೆಯನ್ನು ಸೂಜಿ ದಾರದಲ್ಲಿ ಹೊಲಿದುಕೊಡುತ್ತೇನೆ.

ಈ ಸಲ ಮುಖಪುಟಕ್ಕೆ ಸೊಸೆ ರಾಕೆಟ್ ಹಾರಿಸುವ ಜಾಗ ಬರೆದಳು. ಅಂಥದ್ದನ್ನು ಅವಳೆಲ್ಲಿ ಕಂಡಿದ್ದಾಳೆ? ಮಗ ಕೆಲಸ ಮಾಡುವ ಎಣ್ಣೆ ಪ್ಲಾಂಟಿನ ಟ್ಯಾಂಕು, ಕೊಳವೆ, ಬೆಂಕಿ ಕಾರುವ ಚಿಮಣಿಯನ್ನೇ ಇಳಿಸಿದ್ದಳು. ಅಲ್ ಅಹ್ಸಾ ಊರಿನ ಸದಸ್ಯರಿಗೆ ನಾವು ಮೂವರೂ ಕಾರಿನಲ್ಲಿ ಪತ್ರಿಕೆ ಒಯ್ಯುವಾಗ ಚೆಕ್‌ಪೋಸ್ಟಿನಲ್ಲಿ ಪೊಲೀಸ್ ಕಟ್ಟು ಬಿಚ್ಚಿಸಿದ. ಇಲ್ಲಿ ಎಣ್ಣೆ ಪ್ಲಾಂಟಿನ ಫೋಟೊ ತೆಗೆಯುವುದೂ ಅಪರಾಧ. ಚಿತ್ರ ನೋಡಿದವನೇ ಮಗನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ ಕಾರ್ಡು, ಕೇಳಿದ.

“ನನ್ನ ಪ್ಲಾಂಟೇ ಬೇಕಿತ್ತಾ ಮಾರಾಯ್ತಿ ನಿನಗೆ?” ಮಗ ಪಿಸುಗುಟ್ಟಿದ.

“ಅದು ಮಂಗಳ ಗ್ರಹ.”

“ಹಾಗಂತ ಅವನಿಗೆ ಹೇಳು!”

ಇಕಾಮಾ ರದ್ದಾದರೆ ನಾವು ಮೂವರೂ ಊರಿಗೆ. ಪೊಲೀಸ್ ಯಾರಿಗೋ ಫೋನು ಮಾಡಿದ, ಇಕಾಮಾದ ಫೋಟೊ ತೆಗೆದ, ಒಂದು ಪ್ರತಿ ಇಟ್ಟುಕೊಂಡು “ಯಲ್ಲಾ” ಎಂದು ಹೊರಡಲು ಕೈ ಬೀಸಿದ.

ಮನೆಗೆ ವಾಪಸು ಬಂದೆವು. ಉಳಿದ ಮುಖಪುಟಗಳನ್ನೆಲ್ಲ ನಾನೇ ಹರಿದೆ. ಅವನ ಹತ್ತಿರ ಒಂದು ಉಂಟಲ್ಲ, ಹರಿದು ಎಂತ ಪ್ರಯೋಜನ? ಈಗ ಬೆಲ್ ಆದರೆ ಬಾಗಿಲಿಗೆ ನಾನೇ ಹೋಗುತ್ತೇನೆ. ಮುದುಕಿಯನ್ನು ಕಂಡರೆ ಬಂದವರು ಸ್ವಲ್ಪ ಮೆತ್ತಗಾದಾರು.